ಪರದೇಶಕ್ಕೆ ಹೊರಟವರ ಮಾತ್ರೆ ಡಬ್ಬಿ: ಓದುಗರ ಪ್ರಶ್ನೆಗಳಿಗೆ ಔಷಧತಜ್ಞರ ಉತ್ತರ

ಕಳೆದ ಎರಡು ತಿಂಗಳಲ್ಲಿ ಬಂದ ಪತ್ರಗಳಲ್ಲಿ ಪರದೇಶಕ್ಕೆ ಔಷಧ ಒಯ್ಯುವ ವಿಚಾರದವೇ ಹೆಚ್ಚಾಗಿದ್ದುದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಅವಕ್ಕೇ ಮೀಸಲಿಟ್ಟಿದ್ದೇನೆ. ಪತ್ರಗಳಲ್ಲಿ ಆರೋಗ್ಯದ ಖಾಸಗಿ ವಿವರಗಳಿರುವುದರಿಂದ ಬರೆದವರ ಹೆಸರನ್ನು ಕೈಬಿಟ್ಟು ಊರಿನ ಹೆಸರನ್ನಷ್ಟೇ ಉಳಿಸಿಕೊಂಡಿದ್ದೇನೆ.

ಪ್ರಶ್ನೆ: ಮಾನ್ಯರೇ, ನಮ್ಮ ಹಿರಿಯ ಮಗಳು ದುಬೈಯಲ್ಲಿದ್ದಾಳೆ. ಇನ್ನು ಮೂರು ತಿಂಗಳಿಗೆ ಅವಳ ಹೆರಿಗೆ. ಬಾಣಂತನಕ್ಕೆಂದು ನಾನೂ ನಮ್ಮ ಯಜಮಾನರೂ ಹೊರಡುವವರಿದ್ದೇವೆ. ಯಜಮಾನರಿಗೆ ವಿಪರೀತ ಮಂಡಿನೋವು ಇರುವುದರಿಂದ ವೈದ್ಯರು ಟ್ರಮಡಾಲ್ ಮತ್ತು ಪ್ಯಾರಾಸಿಟಮಾಲ್ ಕೂಡಿದ ಮಾತ್ರೆ ಕೊಟ್ಟಿದ್ದಾರೆ. ನಾನು ನಿದ್ದೆಗೆಂದು ನಾಲ್ಕು ವರ್ಷದಿಂದ ಅಲ್ಪ್ರಜೋಲಾಂ ತೆಗೆದುಕೊಳ್ಳುತ್ತಿದ್ದೇನೆ. ಇವಲ್ಲದೆ ಬಿಪಿ ಮತ್ತು ಥೈರಾಯ್ಡ್ ಮಾತ್ರೆಗಳಿವೆ. ಜೊತೆಗೆ ಬಾಣಂತಿಗೆಂದು ಅಂಟಿನುಂಡೆ, ಗಸಗಸೆ, ಲೇಹ್ಯ ಕಟ್ಟಿಕೊಳ್ಳಬೇಕೆಂದಿದ್ದೇನೆ. "ಡಾಕ್ಟರ ಚೀಟಿ ಇದ್ದರೆ ಸಾಕು ಅತ್ತೆ, ಯಾರೂ ಕೇಳುವುದಿಲ್ಲ" ಎಂದು ಅಳಿಯಂದಿರು ಧೈರ್ಯ ಹೇಳುತ್ತಾರೆ. ನನ್ನ ತಮ್ಮನ ಮಗ ಮಾತ್ರ ಹೆದರಿಸುತ್ತಾನೆ. ಯಾರ ಮಾತು ಕೇಳಲಿ? (ಓದುಗರೊಬ್ಬರು, ದಾವಣಗೆರೆ)

ಉತ್ತರ: ಅಮ್ಮಾ, ಇಷ್ಟು ಮುಂಚಿತವಾಗಿ ಕೇಳಿದ್ದು ಬಹಳ ಒಳ್ಳೆಯದಾಯಿತು. ತಮ್ಮ ಅಳಿಯಂದಿರ ಮಾತು ಬಿಪಿ ಮತ್ತು ಥೈರಾಯ್ಡ್ ಮಾತ್ರೆಗಳ ಮಟ್ಟಿಗೆ ಬಹುಪಾಲು ಸರಿ. ಉಳಿದ ಎರಡು ಮಾತ್ರೆಗಳ ವಿಚಾರದಲ್ಲಿ ಅದನ್ನು ನಂಬಿ ಹೊರಟರೆ ದೊಡ್ಡ ತೊಂದರೆಗೆ ಸಿಲುಕಬಹುದು. ಟ್ರಮಡಾಲ್ ಮತ್ತು ಅಲ್ಪ್ರಜೋಲಾಂ ಎರಡೂ ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ ನಿಯಂತ್ರಿತ ಔಷಧಗಳು. ಅವನ್ನು ಸ್ವಂತ ಬಳಕೆಗೆ ಒಯ್ಯುವವರು ಕೂಡ ಪ್ರಯಾಣಕ್ಕೆ ಮುಂಚೆಯೇ ಅಲ್ಲಿನ ಸರ್ಕಾರದಿಂದ ಆನ್‌ಲೈನ್ ಮೂಲಕ ಅನುಮತಿ ಪಡೆದಿರಬೇಕು. ದಾವಣಗೆರೆಯ ವೈದ್ಯರು ಬರೆದ ಚೀಟಿ ಆ ಅರ್ಜಿಯ ಜೊತೆ ಲಗತ್ತಿಸಬೇಕಾದ ಒಂದು ದಾಖಲೆಯೇ ಹೊರತು ಅದೇ ಅನುಮತಿಯಾಗುವುದಿಲ್ಲ. ನನ್ನ ಅನುಭವದಲ್ಲಿ ಹೆಚ್ಚಿನವರು ಎಡವುವುದು ಈ ಒಂದು ವ್ಯತ್ಯಾಸ ತಿಳಿಯದೆ.

ಒಂದು ಔಷಧ ಒಂದು ದೇಶದಲ್ಲಿ ಸಾಧಾರಣ ನೋವಿನ ಮಾತ್ರೆಯಾಗಿದ್ದು ಇನ್ನೊಂದು ದೇಶದಲ್ಲಿ ಮಾದಕದ್ರವ್ಯದ ಪಟ್ಟಿಯಲ್ಲಿರುವುದು ಏಕೆಂದು ತಾವು ಕೇಳಬಹುದು. ಮಾದಕ ಮತ್ತು ಮನೋತ್ತೇಜಕ ದ್ರವ್ಯಗಳ ಬಗ್ಗೆ 1961 ಮತ್ತು 1971ರಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದಗಳು ಎಲ್ಲ ದೇಶಗಳಿಗೂ ಒಂದು ತಳಹದಿಯನ್ನು ಕೊಡುತ್ತವೆ. ಅದರ ಮೇಲೆ ತನ್ನ ಪಟ್ಟಿಗೆ ಏನನ್ನು ಸೇರಿಸಬೇಕೆಂಬುದನ್ನು ಆಯಾ ದೇಶ ತನ್ನಲ್ಲಿ ಯಾವ ಔಷಧದ ದುರುಪಯೋಗ ಹೆಚ್ಚಾಗಿದೆ ಎಂಬುದನ್ನು ನೋಡಿ ತೀರ್ಮಾನಿಸುತ್ತದೆ. ಟ್ರಮಡಾಲ್ ಆ 1961ರ ಒಪ್ಪಂದದ ಪಟ್ಟಿಯಲ್ಲಿಲ್ಲದಿದ್ದರೂ ಕೊಲ್ಲಿ ರಾಷ್ಟ್ರಗಳಲ್ಲಿ ಮತ್ತು ಈಜಿಪ್ಟ್‌ನಲ್ಲಿ ಅದರ ದುರ್ಬಳಕೆ ವಿಪರೀತವಾದ್ದರಿಂದ ಅಲ್ಲಿ ಕಾನೂನು ಕಠಿಣವಾಗಿದೆ. ನಮ್ಮ ದೇಶದಲ್ಲಿಯೂ 2018ರ ಏಪ್ರಿಲ್‌ನಲ್ಲಿ ಅದನ್ನು ಮಾದಕದ್ರವ್ಯ ಮತ್ತು ಮನೋತ್ತೇಜಕ ವಸ್ತುಗಳ ಕಾಯ್ದೆಯ ವ್ಯಾಪ್ತಿಗೆ ತಂದರು. ಆದರೆ ಮೊದಲಿನಿಂದಲೂ ತೆಗೆದುಕೊಳ್ಳುತ್ತ ಬಂದವರಿಗೆ ಅದು ಇಂದಿಗೂ "ಮಂಡಿನೋವಿನ ಮಾತ್ರೆ" ಮಾತ್ರ.

ಈಗ ತಾವು ಮಾಡಬೇಕಾದ ಕೆಲಸಕ್ಕೆ ಬರುತ್ತೇನೆ. ಮೊದಲು ಮನೆಯಲ್ಲಿರುವ ಪ್ರತಿಯೊಂದು ಸ್ಟ್ರಿಪ್ಪನ್ನೂ ತಿರುಗಿಸಿ, ಬೆಳ್ಳಿಹಾಳೆಯ ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿರುವ ಮೂಲ ಔಷಧದ ಹೆಸರನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಕಂಪನಿ ಇಟ್ಟ ಹೆಸರು ಗಡಿ ದಾಟಿದ ಮೇಲೆ ಯಾರಿಗೂ ಅರ್ಥವಾಗುವುದಿಲ್ಲ, ಯಾವ ದೇಶದ ನಿಯಂತ್ರಿತ ಪಟ್ಟಿಯಲ್ಲಿಯೂ ಅದು ಸಿಗುವುದಿಲ್ಲ. ಎರಡು ಮೂರು ಔಷಧಗಳು ಒಂದೇ ಮಾತ್ರೆಯಲ್ಲಿ ಕೂಡಿರುವುದು ನಮ್ಮಲ್ಲಿ ತೀರಾ ಸಾಮಾನ್ಯವಾದ್ದರಿಂದ ಎಲ್ಲವನ್ನೂ ಬರೆದುಕೊಳ್ಳಬೇಕು. ತಮ್ಮ ಯಜಮಾನರ ಮಾತ್ರೆಯನ್ನು ಮನೆಯವರೆಲ್ಲ "ಪ್ಯಾರಾಸಿಟಮಾಲ್ ಇರುವ ಮಾತ್ರೆ" ಎಂದೇ ತಿಳಿದಿದ್ದರೆ ಟ್ರಮಡಾಲ್ ಅದರೊಳಗೆ ಅಡಗಿ ಕುಳಿತು ತಮ್ಮ ಜೊತೆ ವಿಮಾನ ಹತ್ತಿಬಿಡುತ್ತಿತ್ತು.

ಎರಡನೆಯದಾಗಿ ಈ ಹಾಳೆಯೊಂದಿಗೆ ವೈದ್ಯರನ್ನು ಈಗಲೇ ಕಾಣಿ. ದುಬೈಯಲ್ಲಿ ನಿಯಂತ್ರಣವಿಲ್ಲದ ಬೇರೆ ನೋವಿನ ಔಷಧಕ್ಕೆ ಯಜಮಾನರನ್ನು ಬದಲಾಯಿಸಲು ಸಾಧ್ಯವೇ ಎಂದು ಕೇಳಿ. ಅವರ ಮೂತ್ರಪಿಂಡ ಮತ್ತು ಹೊಟ್ಟೆಯ ಸ್ಥಿತಿಯನ್ನು ನೋಡಿ ಅವರು ನಿರ್ಧರಿಸುತ್ತಾರೆ. ತಮ್ಮ ಅಲ್ಪ್ರಜೋಲಾಂ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಬೇಕು. ದುಬೈಯಲ್ಲಿ ತೊಂದರೆಯಾಗುತ್ತದೆಂದು ಹೆದರಿ ಹೊರಡುವ ಹಿಂದಿನ ದಿನ ಅದನ್ನು ದಿಢೀರನೆ ನಿಲ್ಲಿಸಿಬಿಡಬೇಡಿ. ನಾಲ್ಕು ವರ್ಷ ತೆಗೆದುಕೊಂಡ ಮೇಲೆ ಒಮ್ಮೆಲೇ ಬಿಟ್ಟರೆ ನಿದ್ದೆ ಪೂರ್ತಿ ಹೋಗುವುದು, ಕೈಕಾಲು ನಡುಗುವುದು, ಕೆಲವರಲ್ಲಿ ಫಿಟ್ಸ್ ಬರುವುದೂ ಉಂಟು. ನಿಲ್ಲಿಸುವುದಾದರೆ ವೈದ್ಯರು ಹೇಳಿದಂತೆ ವಾರಗಟ್ಟಲೆ ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡುತ್ತ ಬರಬೇಕು. ಟ್ರಮಡಾಲನ್ನು ಬಹುಕಾಲ ತೆಗೆದುಕೊಂಡವರಿಗೂ ಇದೇ ಮಾತು ಅನ್ವಯಿಸುತ್ತದೆ. ಮೂರು ತಿಂಗಳ ಮುಂಚೆ ಕೇಳಿದ್ದು ಒಳ್ಳೆಯದಾಯಿತೆಂದು ನಾನು ಹೇಳಿದ್ದು ಇದಕ್ಕೇ.

ಇವೇ ಔಷಧಗಳನ್ನು ಮುಂದುವರಿಸಬೇಕೆಂದು ವೈದ್ಯರು ಹೇಳಿದರೆ ಅನುಮತಿಗೆ ಅರ್ಜಿ ಹಾಕಿ. ಎಮಿರೇಟ್ಸ್ ಸರ್ಕಾರದ ಅಧಿಕೃತ ಜಾಲತಾಣದ ಮೂಲಕವೇ ಹೋಗಿ. ಮಗಳು ಅಲ್ಲಿಯೇ ಇರುವುದರಿಂದ ಆಕೆಗೆ ಈ ಕೆಲಸ ಸುಲಭವಾಗಬಹುದು. ಅರ್ಜಿಯೊಂದಿಗೆ ವೈದ್ಯರ ಚೀಟಿ, ಕಾಯಿಲೆಯ ವಿವರವಿರುವ ವರದಿ ಮತ್ತು ಪಾಸ್‌ಪೋರ್ಟಿನ ಪ್ರತಿ ಬೇಕಾಗುತ್ತದೆ. ನಿಯಂತ್ರಿತ ಔಷಧವನ್ನು ಎಷ್ಟು ದಿನಗಳಿಗೆ ಒಯ್ಯಬಹುದೆಂಬುದಕ್ಕೂ ಮಿತಿಯಿರುತ್ತದೆ. ತಾವು ಅದಕ್ಕಿಂತ ಹೆಚ್ಚು ದಿನ ಇರುವುದಾದರೆ ಉಳಿದ ದಿನಗಳಿಗೆ ಅಲ್ಲಿನ ವೈದ್ಯರನ್ನೇ ಕಾಣಬೇಕು. ಅನುಮತಿ ಕೈಗೆ ಬರುವವರೆಗೆ ಆ ಮಾತ್ರೆಗಳನ್ನು ಪೆಟ್ಟಿಗೆಯಲ್ಲಿ ಇಡಬೇಡಿ. ಬಂದ ಮೇಲೆ ಅದರ ಎರಡು ಪ್ರತಿ ಮುದ್ರಿಸಿಕೊಂಡು ಒಂದನ್ನು ಕೈಚೀಲದಲ್ಲಿ, ಇನ್ನೊಂದನ್ನು ಪಾಸ್‌ಪೋರ್ಟಿನ ಜೊತೆ ಇಟ್ಟುಕೊಳ್ಳಿ. ಅನುಮಾನವಿದ್ದಾಗ ನವದೆಹಲಿಯಲ್ಲಿರುವ ಅವರ ರಾಯಭಾರ ಕಚೇರಿಗೆ ಇ-ಮೇಲ್ ಬರೆಯಬಹುದು. ಫೋನಿನಲ್ಲಿ ಕೇಳಿದ ಉತ್ತರವನ್ನು ವಿಮಾನ ನಿಲ್ದಾಣದಲ್ಲಿ ತೋರಿಸಲಾಗುವುದಿಲ್ಲ, ಆದ್ದರಿಂದ ಬರಹದಲ್ಲಿಯೇ ಕೇಳಿ.

ವೈದ್ಯರ ಪತ್ರ ಹೇಗಿರಬೇಕೆಂದು ಬಿಡಿಸಿ ಹೇಳುತ್ತೇನೆ. ನಮ್ಮಲ್ಲಿ ಗೀಚಿ ಕೊಡುವ ಅರ್ಧ ಹಾಳೆಯ ಚೀಟಿಯನ್ನು ಪಕ್ಕದ ಬೀದಿಯ ಮೆಡಿಕಲ್ ಶಾಪಿನವರು ಅಭ್ಯಾಸಬಲದಿಂದ ಓದುತ್ತಾರೆ, ದುಬೈಯ ಸುಂಕದ ಅಧಿಕಾರಿ ಓದಲಾರರು. ಪತ್ರ ಇಂಗ್ಲಿಷಿನಲ್ಲಿ ಟೈಪ್ ಆಗಿರಬೇಕು. ಆಸ್ಪತ್ರೆಯ ಲೆಟರ್‌ಹೆಡ್ಡಿನ ಮೇಲೆ ವೈದ್ಯರ ಹೆಸರು, ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ, ಸಹಿ, ಮೊಹರು ಮತ್ತು ದಿನಾಂಕ ಇರಬೇಕು. ಯಾವ ಕಾಯಿಲೆಗೆ, ಯಾವ ಮೂಲ ಔಷಧ, ಎಷ್ಟು ಮಿಲಿಗ್ರಾಂ, ದಿನಕ್ಕೆ ಎಷ್ಟು ಸಲ, ಒಟ್ಟು ಎಷ್ಟು ಮಾತ್ರೆ ಎಂಬುದು ಸ್ಪಷ್ಟವಾಗಿರಬೇಕು. ರೋಗಿಯ ಹೆಸರು ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಇರಬೇಕು. ನಮ್ಮ ಕಡೆ ಆಸ್ಪತ್ರೆಯ ಪುಸ್ತಕದಲ್ಲಿ ಬರಿಯ "ಸರೋಜಮ್ಮ" ಎಂದಿರುತ್ತದೆ, ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಊರು, ತಂದೆಯ ಹೆಸರು ಸೇರಿ ಮೂರು ಪದವಾಗಿರುತ್ತದೆ. ಅಪರಿಚಿತರ ಕಣ್ಣಿಗೆ ಅವು ಇಬ್ಬರು ಬೇರೆ ಬೇರೆ ವ್ಯಕ್ತಿಗಳ ಹೆಸರುಗಳಂತೆ ಕಾಣುತ್ತವೆ.

ಮಾತ್ರೆಗಳನ್ನು ಇಡೀ ಸ್ಟ್ರಿಪ್ಪಿನಲ್ಲಿಯೇ, ಸಾಧ್ಯವಾದರೆ ರಟ್ಟಿನ ಪೊಟ್ಟಣದೊಂದಿಗೆ, ಬಿಲ್ಲಿನ ಸಮೇತ ಒಯ್ಯಿರಿ. ನಾನು ಆಸ್ಪತ್ರೆಯ ಔಷಧಾಲಯದಲ್ಲಿದ್ದಾಗ ಮಗನ ಮನೆಗೆ ಹೊರಟಿದ್ದ ಹಿರಿಯರೊಬ್ಬರು ಒಂದು ಸ್ಟೀಲಿನ ಡಬ್ಬಿ ತಂದು ಕೌಂಟರಿನ ಮೇಲೆ ಬೋರಲು ಹಾಕಿ, ಪಟ್ಟಿ ಮಾಡಿಕೊಡಿ ಎಂದರು. ಒಳಗಿದ್ದುದೆಲ್ಲ ಕತ್ತರಿಸಿದ ತುಂಡುಗಳು. ಒಂದು ತುಂಡಿನಲ್ಲಿ ಔಷಧದ ಹೆಸರಿನ ಕೊನೆಯ ಮೂರು ಅಕ್ಷರಗಳು ಮಾತ್ರ ಉಳಿದಿದ್ದವು. ಇನ್ನೊಂದರಲ್ಲಿ ಅವಧಿ ಮುಗಿಯುವ ತಿಂಗಳಿತ್ತು, ವರ್ಷ ಕತ್ತರಿಯ ಪಾಲಾಗಿತ್ತು. ಮೂವತ್ತು ವರ್ಷ ಮಾತ್ರೆಗಳ ನಡುವೆಯೇ ಕಳೆದ ನನಗೆ ಅವುಗಳಲ್ಲಿ ಎರಡು ತುಂಡುಗಳನ್ನು ಗುರುತಿಸಲು ಆಗಲೇ ಇಲ್ಲ. ಅಂಗಡಿಯವರು ಐದು ಮಾತ್ರೆ ಕೇಳಿದರೆ ಐದನ್ನೇ ಕತ್ತರಿಸಿ ಕೊಡುವುದು ನಮ್ಮಲ್ಲಿ ವಾಡಿಕೆ. ಬಡವರಿಗೆ ಅದರಿಂದ ಉಪಕಾರವೂ ಇದೆ. ಆದರೆ ಪ್ರಯಾಣಕ್ಕೆ ಕೊಳ್ಳುವಾಗ ಪೂರ್ಣ ಸ್ಟ್ರಿಪ್ಪನ್ನೇ ಕೇಳಿ ಪಡೆಯಿರಿ.

ಇನ್ನು ಗಸಗಸೆಯ ಮಾತು. ಇದನ್ನು ಕೇಳಿ ತಮಗೆ ಬೇಸರವಾಗಬಹುದೆಂದು ಗೊತ್ತು. ಗಸಗಸೆ ಅಫೀಮಿನ ಗಿಡದ ಬೀಜ. ನಮ್ಮಲ್ಲಿ ಅದು ಕಿರಾಣಿ ಅಂಗಡಿಯಲ್ಲಿ ಸಿಗುವ ಅಡುಗೆಯ ಸಾಮಾನು, ಹಬ್ಬದ ಪಾಯಸದ ಜೀವಾಳ. ಎಮಿರೇಟ್ಸ್‌ನಲ್ಲಿ ಅದು ನಿಷಿದ್ಧ ವಸ್ತು. ಸೌದಿ ಅರೇಬಿಯಾ ಮತ್ತು ಸಿಂಗಪುರದಲ್ಲಿಯೂ ಹಾಗೆಯೇ. ಅದಕ್ಕೆ ಯಾವ ವೈದ್ಯರ ಪತ್ರವೂ ನೆರವಾಗುವುದಿಲ್ಲ. ಗಸಗಸೆಯ ಪೊಟ್ಟಣವನ್ನು ಬಿಟ್ಟು ಹೋಗುವುದು ಯಾರಿಗಾದರೂ ಹೊಳೆಯುತ್ತದೆ. ಮರೆಯುವುದು ಅಂಟಿನುಂಡೆಯನ್ನು. ಒಣಕೊಬ್ಬರಿ, ಉತ್ತುತ್ತೆ, ಹುರಿದ ಅಂಟು, ಬೆಲ್ಲದ ಜೊತೆ ನಮ್ಮ ಮನೆಗಳಲ್ಲಿ ಒಂದು ಹಿಡಿ ಗಸಗಸೆಯನ್ನೂ ಹುರಿದು ಹಾಕುವುದು ರೂಢಿ. ಉಂಡೆಯನ್ನು ಮುರಿದರೆ ಬೂದುಬಣ್ಣದ ಆ ಸಣ್ಣ ಕಾಳುಗಳು ಬರಿಗಣ್ಣಿಗೇ ಕಾಣುತ್ತವೆ. ಈ ಸಲ ಗಸಗಸೆ ಹಾಕದೆ ಉಂಡೆ ಕಟ್ಟಿ, ಹುರಿಯುವ ಬಾಣಲೆಯನ್ನೂ ಸಾಮಾನಿನ ಡಬ್ಬಿಗಳನ್ನೂ ಮೊದಲು ಚೆನ್ನಾಗಿ ತೊಳೆದುಕೊಳ್ಳಿ. ಮಗಳಿಗೆಂದು ಇನ್ನಾರಾದರೂ ತಂದುಕೊಡುವ ಮಸಾಲೆ ಪುಡಿಗಳಲ್ಲಿಯೂ ಗಸಗಸೆ ಇರಬಹುದು, ಕೇಳಿಯೇ ತೆಗೆದುಕೊಳ್ಳಿ. ಲೇಹ್ಯದ ವಿಷಯವನ್ನು ಮಂಗಳೂರಿನವರ ಪ್ರಶ್ನೆಗೆ ಕೊಟ್ಟ ಉತ್ತರದಲ್ಲಿ ನೋಡಿ.

ಪ್ರಶ್ನೆ: ಮಗ ಕಂಪನಿಯ ಕೆಲಸದ ಮೇಲೆ ಆರು ತಿಂಗಳು ಟೋಕಿಯೊದಲ್ಲಿರಬೇಕಾಗಿದೆ. ಅವನಿಗೆ ಮೂರ್ಛೆರೋಗವಿದ್ದು ಲೆವೆಟಿರಾಸಿಟಾಂ ಮತ್ತು ಕ್ಲೋಬಜಾಂ ಎಂಬ ಎರಡು ಮಾತ್ರೆ ನಡೆಯುತ್ತಿದೆ. ಆರು ತಿಂಗಳಿಗಾಗುವಷ್ಟನ್ನು ಒಮ್ಮೆಲೇ ಕಟ್ಟಿಕೊಡಬಹುದೇ? ನೆಗಡಿ, ಜ್ವರಕ್ಕೂ ಏನಾದರೂ ಇಟ್ಟುಕೊಡೋಣವೆಂದಿದ್ದೇವೆ. (ಓದುಗರೊಬ್ಬರು, ತುಮಕೂರು)

ಉತ್ತರ: ಹಾಗೆಯೇ ಕಟ್ಟಿಕೊಡುವಂತಿಲ್ಲ. ವೈದ್ಯರ ಚೀಟಿ ಬೇಕಾಗುವ ಔಷಧಗಳನ್ನು ಜಪಾನಿಗೆ ಒಂದು ತಿಂಗಳಿಗಾಗುವಷ್ಟು ಮಾತ್ರ ವಿಶೇಷ ಪತ್ರವಿಲ್ಲದೆ ಒಯ್ಯಬಹುದು. ಅದಕ್ಕಿಂತ ಹೆಚ್ಚು ಬೇಕಿದ್ದರೆ ಅಲ್ಲಿನ ಆರೋಗ್ಯ ಸಚಿವಾಲಯದಿಂದ "ಯುನ್ಯು ಕಾಕುನಿನ್‌ಶೋ" ಎಂಬ ಆಮದು ದೃಢೀಕರಣ ಪತ್ರವನ್ನು ಹೊರಡುವ ಮೊದಲೇ ಪಡೆಯಬೇಕು. ಹಿಂದೆ ಇದನ್ನು "ಯಾಕ್ಕಾನ್ ಶೋಮೆಯ್" ಎನ್ನುತ್ತಿದ್ದುದರಿಂದ ಈಗಾಗಲೇ ಹೋಗಿಬಂದವರು ಆ ಹೆಸರನ್ನೇ ಹೇಳಬಹುದು. ಮಗ ಇಳಿಯುವ ವಿಮಾನ ನಿಲ್ದಾಣ ಯಾವ ಪ್ರಾದೇಶಿಕ ಕಚೇರಿಯ ವ್ಯಾಪ್ತಿಗೆ ಬರುತ್ತದೋ ಅಲ್ಲಿಗೆ ಅರ್ಜಿ ಹೋಗಬೇಕು. ಕ್ಲೋಬಜಾಂ ಮನೋತ್ತೇಜಕ ವಸ್ತುಗಳ ಪಟ್ಟಿಯಲ್ಲಿರುವುದರಿಂದ ಅದಕ್ಕೆ ಪ್ರತ್ಯೇಕ ಪ್ರಮಾಣದ ಮಿತಿಯಿದೆ, ಮಿತಿ ದಾಟಿದರೆ ವೈದ್ಯರ ಪತ್ರ ಕಡ್ಡಾಯ. ಬೆಂಗಳೂರಿನಲ್ಲಿಯೇ ಜಪಾನಿನ ಕಾನ್ಸುಲೇಟ್ ಕಚೇರಿ ಇರುವುದು ತಮಗೆ ಅನುಕೂಲ.

ಮೂರ್ಛೆರೋಗದ ಮಾತ್ರೆ ಒಂದು ಹೊತ್ತು ತಪ್ಪಿದರೂ ಅಪಾಯವಿರುವುದರಿಂದ ನಾನು ಇನ್ನೊಂದು ಮಾತನ್ನೂ ಹೇಳುತ್ತೇನೆ. ನಮ್ಮ ವೈದ್ಯರ ಚೀಟಿ ತೋರಿಸಿದರೆ ಜಪಾನಿನ ಔಷಧ ಅಂಗಡಿಯವರು ಮಾತ್ರೆ ಕೊಡುವುದಿಲ್ಲ. ಆದ್ದರಿಂದ ಮಗ ಅಲ್ಲಿಗೆ ಹೋದ ಮೊದಲ ಎರಡು ವಾರದಲ್ಲಿಯೇ ಒಬ್ಬ ನರರೋಗ ತಜ್ಞರನ್ನು ಕಂಡು ಹೆಸರು ನೋಂದಾಯಿಸಿಕೊಳ್ಳಲಿ. ಕೊನೆಯ ಸ್ಟ್ರಿಪ್ಪು ಕೈಗೆ ಬರುವವರೆಗೆ ಕಾಯುವುದು ಬೇಡ. ಕಂಪನಿಯ ಆರೋಗ್ಯ ವಿಮೆ ಮೊದಲಿನಿಂದಲೇ ಇರುವ ಕಾಯಿಲೆಗೆ ಅನ್ವಯಿಸುತ್ತದೆಯೇ ಎಂದೂ ಕೇಳಿಕೊಳ್ಳಲಿ.

ನೆಗಡಿಯ ಮಾತ್ರೆಯ ವಿಷಯದಲ್ಲಿ ಜಪಾನ್ ಬಹಳ ಕಟ್ಟುನಿಟ್ಟಿನ ದೇಶ. ಸ್ಯೂಡೋಎಫೆಡ್ರಿನ್ ಎಂಬ ಮೂಗು ಬಿಡಿಸುವ ಔಷಧ ಶೇ. 10ಕ್ಕಿಂತ ಹೆಚ್ಚು ಪ್ರಮಾಣದಲ್ಲಿರುವ ಮಾತ್ರೆಗೆ ಅಲ್ಲಿ ಪ್ರವೇಶವೇ ಇಲ್ಲ. ಅದರಿಂದ ಮೆಥಾಂಫೆಟಮಿನ್ ತಯಾರಿಸಬಹುದೆಂಬುದೇ ಕಾರಣ. ಎರಡನೆಯ ಮಹಾಯುದ್ಧದ ನಂತರ ಆ ಮಾದಕದ್ರವ್ಯದ ಚಟ ಜಪಾನಿನಲ್ಲಿ ಹಬ್ಬಿದಾಗ ಅವರು 1951ರಲ್ಲಿ ಉತ್ತೇಜಕಗಳ ನಿಯಂತ್ರಣಕ್ಕೆಂದೇ ಪ್ರತ್ಯೇಕ ಕಾನೂನು ತಂದರು. ಆ ಕಹಿ ನೆನಪಿನ ಎಚ್ಚರ ಇಂದಿಗೂ ಅವರ ನಿಯಮಗಳಲ್ಲಿದೆ. ಆಂಫೆಟಮಿನ್ ಇರುವ ಔಷಧಗಳನ್ನಂತೂ ಯಾವ ಪತ್ರವಿದ್ದರೂ ಬಿಡುವುದಿಲ್ಲ. ಮಗನಿಗೆ ಬರಿಯ ಪ್ಯಾರಾಸಿಟಮಾಲ್ ಕೊಟ್ಟು ಕಳಿಸಿ, ನೆಗಡಿಯ ಮಿಶ್ರ ಮಾತ್ರೆಗಳನ್ನು ಬಿಟ್ಟುಬಿಡಿ.

ದೊಡ್ಡ ಹುದ್ದೆಯಲ್ಲಿದ್ದರೆ ವಿನಾಯಿತಿ ಸಿಗುತ್ತದೆಂದು ಯಾರೂ ಭಾವಿಸಬಾರದು. 2015ರ ಜೂನ್‌ನಲ್ಲಿ ಟೊಯೊಟಾ ಕಂಪನಿಯ ಅಮೆರಿಕನ್ ಹಿರಿಯ ಅಧಿಕಾರಿಣಿಯೊಬ್ಬರು ಆಕ್ಸಿಕೊಡೋನ್ ಎಂಬ ನೋವಿನ ಮಾತ್ರೆಗಳನ್ನು ಅಮೆರಿಕದಿಂದ ಅಂಚೆಯಲ್ಲಿ ತರಿಸಿಕೊಂಡ ಕಾರಣಕ್ಕೆ ಟೋಕಿಯೊದಲ್ಲಿ ಬಂಧಿತರಾದರು. ಮೊಕದ್ದಮೆ ಹೂಡದೆ ಜುಲೈಯಲ್ಲಿ ಅವರನ್ನು ಬಿಟ್ಟರೂ ಅಷ್ಟರಲ್ಲಿ ಅವರು ಹುದ್ದೆಗೆ ರಾಜೀನಾಮೆ ಕೊಟ್ಟಾಗಿತ್ತು. ಅಮೆರಿಕದಲ್ಲಿ ವೈದ್ಯರು ಬರೆದುಕೊಡುವ ಔಷಧ ಅದು, ಜಪಾನಿಗೆ ತರಲು ಮುಂಗಡ ಅನುಮತಿ ಬೇಕು.

ಪ್ರಶ್ನೆ: ಕುವೈತಿನಲ್ಲಿರುವ ತಮ್ಮನ ಹೆಂಡತಿಗೆ ಅಶೋಕಾರಿಷ್ಟ ಬಾಟಲಿಗಳು, ಹೊಟ್ಟೆಯ ತೊಂದರೆಗೆ ಚೂರ್ಣ ಮತ್ತು ಒಂದು ಲೇಹ್ಯ ತರಲು ಹೇಳಿದ್ದಾರೆ. ಇವೆಲ್ಲ ಗಿಡಮೂಲಿಕೆಗಳಲ್ಲವೇ, ಇವಕ್ಕೂ ನಿಯಮಗಳಿವೆಯೇ? (ಓದುಗರೊಬ್ಬರು, ಮಂಗಳೂರು)

ಉತ್ತರ: ಇವೆ, ಮತ್ತು ಜನ ಇವುಗಳ ಬಗ್ಗೆಯೇ ಹೆಚ್ಚು ಅಲಕ್ಷ್ಯ ಮಾಡುತ್ತಾರೆ. ಅರಿಷ್ಟ ಮತ್ತು ಆಸವಗಳನ್ನು ಹುದುಗು ಬರಿಸಿ ತಯಾರಿಸುವುದರಿಂದ ಅವುಗಳಲ್ಲಿ ಮದ್ಯಸಾರ ತಾನಾಗಿಯೇ ಹುಟ್ಟುತ್ತದೆ, ಬಾಟಲಿಯ ಮೇಲೆಯೂ ಅದರ ಪ್ರಮಾಣವನ್ನು ನಮೂದಿಸಿರುತ್ತಾರೆ. ಕುವೈತಿನಲ್ಲಿ ಮದ್ಯ ಪೂರ್ತಿಯಾಗಿ ನಿಷಿದ್ಧ. ಆ ಬಾಟಲಿಗಳನ್ನು ಒಯ್ಯದಿರುವುದೇ ಕ್ಷೇಮ.

ಚೂರ್ಣದ ವಿಷಯ ಇನ್ನೂ ಗಂಭೀರವಾದದ್ದು. ಶಾಸ್ತ್ರೀಯ ಆಯುರ್ವೇದದಲ್ಲಿ ಗ್ರಹಣಿ, ಭೇದಿಗಳಿಗೆ ಕೊಡುವ ಕೆಲವು ಔಷಧಗಳಲ್ಲಿ ಭಂಗಿಸೊಪ್ಪು ಇರುತ್ತದೆ. ಜಾತೀಫಲಾದಿ ಚೂರ್ಣ ಅಂಥದ್ದು. ಪೊಟ್ಟಣದ ಮೇಲೆ ಅದನ್ನು "ವಿಜಯಾ" ಎಂಬ ಸಂಸ್ಕೃತ ಹೆಸರಿನಲ್ಲಿ ಬರೆದಿರುತ್ತಾರೆ. ಕೊಳ್ಳುವವರಿಗೆ ಅದು ಗಾಂಜಾ ಗಿಡದ ಎಲೆಯೆಂದು ತಿಳಿದಿರುವುದೇ ಇಲ್ಲ. "ಅಹಿಫೇನ" ಎಂದಿದ್ದರೆ ಅದು ಅಫೀಮು. ಪರವಾನಗಿ ಪಡೆದ ಔಷಧಶಾಲೆಗಳು ಭಂಗಿ ಬೆರೆತ ಇಂಥ ಔಷಧವನ್ನು ನಮ್ಮಲ್ಲಿ ಕಾನೂನುಬದ್ಧವಾಗಿಯೇ ತಯಾರಿಸುತ್ತವೆ. ಆದರೆ ಕೊಲ್ಲಿ ದೇಶಗಳಲ್ಲಿ ಹಾಗೂ ಸಿಂಗಪುರದಲ್ಲಿ ಆ ಒಂದು ಚಮಚ ಪುಡಿಯನ್ನೂ ಗಾಂಜಾ ಎಂದೇ ಪರಿಗಣಿಸುತ್ತಾರೆ. ಆದ್ದರಿಂದ ಪೊಟ್ಟಣದ ಹಿಂಬದಿಯ ದ್ರವ್ಯಗಳ ಪಟ್ಟಿಯನ್ನು ಆಯುರ್ವೇದ ವೈದ್ಯರಿಗೆ ತೋರಿಸಿ ಪ್ರತಿಯೊಂದು ಸಂಸ್ಕೃತ ಹೆಸರಿನ ಅರ್ಥವನ್ನೂ ಕೇಳಿ ತಿಳಿದುಕೊಳ್ಳಿ. ಪಟ್ಟಿಯೇ ಇಲ್ಲದ, ನಾಟಿ ವೈದ್ಯರು ಕಾಗದದಲ್ಲಿ ಕಟ್ಟಿಕೊಟ್ಟ ಪುಡಿಯನ್ನು ಯಾವ ದೇಶಕ್ಕೂ ಒಯ್ಯಬೇಡಿ. ಅದರೊಳಗೆ ಏನಿದೆಯೆಂದು ತಾವು ಅಲ್ಲಿ ಯಾರಿಗೂ ತೋರಿಸಿಕೊಡಲಾರಿರಿ.

ಲೇಹ್ಯದಲ್ಲಿ ಇವು ಯಾವುವೂ ಇಲ್ಲದಿದ್ದರೂ ಅದು ಮುದ್ರೆ ಒಡೆಯದ ಡಬ್ಬಿಯಲ್ಲಿರಲಿ. ರಸೌಷಧ, ಭಸ್ಮಗಳಿರುವ ತಯಾರಿಕೆಗಳಲ್ಲಿ ಪಾದರಸ, ಸೀಸ ಇರುವ ಬಗ್ಗೆ ಅಮೆರಿಕ, ಆಸ್ಟ್ರೇಲಿಯಾ ಮೊದಲಾದ ದೇಶಗಳ ಅಧಿಕಾರಿಗಳು ಎಚ್ಚರಿಕೆ ಕೊಡುತ್ತ ಬಂದಿದ್ದಾರೆ. ಆಸ್ಟ್ರೇಲಿಯಾಕ್ಕೆ ಹೋಗುವವರು ಬೇರು, ಬೀಜ, ತೊಗಟೆಗಳನ್ನೂ ಎಲ್ಲ ಔಷಧಗಳನ್ನೂ ಇಳಿಯುವಾಗ ತುಂಬುವ ನಮೂನೆಯಲ್ಲಿ ಘೋಷಿಸಲೇಬೇಕು.

ಪ್ರಶ್ನೆ: ನಾವು ಆರು ತಿಂಗಳಿಗೆಂದು ಅಮೆರಿಕಕ್ಕೆ ಮಗನ ಮನೆಗೆ ಹೋಗುತ್ತಿದ್ದೇವೆ. ಪಕ್ಕದ ಮನೆಯವರು ಅಲ್ಲಿರುವ ತಮ್ಮ ಮಗಳಿಗೆ ಮಾತ್ರೆಗಳ ಒಂದು ಪೊಟ್ಟಣ ಕೊಟ್ಟಿದ್ದಾರೆ. ಇಲ್ಲ ಎನ್ನಲು ದಾಕ್ಷಿಣ್ಯ. ನಮ್ಮ ಸ್ವಂತ ಮಾತ್ರೆ ಆರು ತಿಂಗಳಿಗೆ ಒಯ್ಯಬಹುದೇ, ಇಲ್ಲವೇ ಉಳಿದದ್ದನ್ನು ಕೊರಿಯರ್ ಮಾಡಿಸಿಕೊಳ್ಳಬೇಕೇ? (ಓದುಗರೊಬ್ಬರು, ಮೈಸೂರು)

ಉತ್ತರ: ಸ್ವಂತ ಮಾತ್ರೆಗಳನ್ನು 90 ದಿನಗಳಿಗಾಗುವಷ್ಟು, ಮೂಲ ಪೊಟ್ಟಣದಲ್ಲಿ, ವೈದ್ಯರ ಪತ್ರದೊಂದಿಗೆ ಒಯ್ಯುವುದು ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆಯ ಮಾರ್ಗಸೂಚಿಗೆ ಸರಿಹೊಂದುತ್ತದೆ. ಅದಕ್ಕಿಂತ ಹೆಚ್ಚು ಕಾಲ ಉಳಿಯುವ ಪ್ರವಾಸಿಗಳು ಉಳಿದದ್ದನ್ನು ಊರಿನಿಂದ ತರಿಸಿಕೊಳ್ಳಲು ದಾರಿಯಿದೆ. ಆದರೆ ಪಾರ್ಸೆಲ್ಲಿನೊಳಗೆ ತಮ್ಮ ವೀಸಾ ಮತ್ತು ಪಾಸ್‌ಪೋರ್ಟಿನ ಪ್ರತಿ, ವೈದ್ಯರ ಪತ್ರ, ಚೀಟಿಯ ಪ್ರತಿ ಇರಬೇಕು. ಈ ದಾಖಲೆಗಳಿಲ್ಲದ ಪಾರ್ಸೆಲ್ ಸುಂಕದ ಕಚೇರಿಯಲ್ಲಿಯೇ ನಿಂತುಬಿಡುವ ಸಂಭವ ಹೆಚ್ಚು. ಪಾರ್ಸೆಲ್ ಬರುತ್ತದೆಂದು ನಂಬಿ ಕೊನೆಯ ಮಾತ್ರೆಯವರೆಗೆ ಕಾಯದೆ ಒಂದು ತಿಂಗಳ ಮುಂಚೆ ವ್ಯವಸ್ಥೆ ಮಾಡಿಕೊಳ್ಳಿ.

ಪಕ್ಕದ ಮನೆಯವರ ಪೊಟ್ಟಣವನ್ನು ದಯವಿಟ್ಟು ಹಿಂದಿರುಗಿಸಿ. ಅದು ತಮ್ಮ ಹೆಸರಿನ ಔಷಧವಲ್ಲವಾದ್ದರಿಂದ "ಸ್ವಂತ ಬಳಕೆಗೆ" ಎಂಬ ಮಾತು ಅದಕ್ಕೆ ಅನ್ವಯಿಸುವುದೇ ಇಲ್ಲ. 2017ರಲ್ಲಿ ಬ್ರಿಟನ್ನಿನ ಮಹಿಳೆಯೊಬ್ಬರು ಈಜಿಪ್ಟ್‌ನಲ್ಲಿದ್ದ ತಮ್ಮ ಸಂಗಾತಿಯ ಬೆನ್ನುನೋವಿಗೆಂದು 290 ಟ್ರಮಡಾಲ್ ಮಾತ್ರೆಗಳನ್ನು ಒಯ್ದು ಹುರ್ಘಾಡಾ ವಿಮಾನ ನಿಲ್ದಾಣದಲ್ಲಿ ಸಿಕ್ಕಿಕೊಂಡರು. ನ್ಯಾಯಾಲಯ ಮೂರು ವರ್ಷದ ಶಿಕ್ಷೆ ವಿಧಿಸಿತು, ಅವರು ಬಿಡುಗಡೆಯಾದದ್ದು 2019ರ ಜನವರಿಯಲ್ಲಿ. ಅದೇ 2019ರ ಜುಲೈಯಲ್ಲಿ ದೋಹಾಕ್ಕೆ ಮಧುಚಂದ್ರಕ್ಕೆಂದು ಹೋದ ಮುಂಬಯಿಯ ದಂಪತಿಗಳ ಸಾಮಾನಿನಲ್ಲಿ ನಾಲ್ಕು ಕಿಲೋಗಿಂತ ಹೆಚ್ಚು ಚರಸ್ ಸಿಕ್ಕಿತು. ಆ ಪೊಟ್ಟಣವನ್ನು ಕೊಟ್ಟವರು ಅವರ ಹತ್ತಿರದ ಸಂಬಂಧಿಕರೇ. ಇಬ್ಬರಿಗೂ ಹತ್ತು ವರ್ಷ ಶಿಕ್ಷೆಯಾಗಿ, ಆಕೆ ಜೈಲಿನಲ್ಲಿಯೇ ಮಗುವನ್ನು ಹೆತ್ತು, 2021ರಲ್ಲಿ ನಿರಪರಾಧಿಗಳೆಂದು ಬಿಡುಗಡೆಯಾಗುವವರೆಗೆ ಆ ಸಂಸಾರ ಪಟ್ಟ ಪಾಡು ಯಾರಿಗೂ ಬೇಡ. ತಮ್ಮ ಪಕ್ಕದ ಮನೆಯವರು ಸಜ್ಜನರೇ ಇರಬಹುದು, ಆ ಪೊಟ್ಟಣದಲ್ಲಿ ಬರಿಯ ಗ್ಯಾಸ್ಟ್ರಿಕ್ ಮಾತ್ರೆಯೇ ಇರಬಹುದು. ಆದರೆ ವಿಮಾನ ನಿಲ್ದಾಣದಲ್ಲಿ "ಇದು ನಿಮ್ಮದೇ?" ಎಂದು ಕೇಳಿದಾಗ ಉತ್ತರಿಸಬೇಕಾದವರು ತಾವು. "ಮಗ ಬೇರೆಯವರ ಔಷಧ ತರಬೇಡಿ ಎಂದಿದ್ದಾನೆ" ಎಂದು ಹೇಳಿಬಿಡಿ, ದಾಕ್ಷಿಣ್ಯದ ಭಾರವೂ ಇಳಿಯುತ್ತದೆ.

ಪ್ರಶ್ನೆ: ನನಗೆ ಇನ್ಸುಲಿನ್ ಇದೆ. ಪಾದದ ಉರಿಗೆ ಪ್ರೀಗ್ಯಾಬಲಿನ್ ತೆಗೆದುಕೊಳ್ಳುತ್ತೇನೆ. ಬೆಂಗಳೂರಿನಿಂದ ದುಬೈ ಮಾರ್ಗವಾಗಿ ಲಂಡನ್ನಿಗೆ ಒಂದು ತಿಂಗಳ ಪ್ರವಾಸವಿದೆ. (ಓದುಗರೊಬ್ಬರು, ಹುಬ್ಬಳ್ಳಿ)

ಉತ್ತರ: ಇನ್ಸುಲಿನ್ ಮೇಲೆ ಮಾದಕದ್ರವ್ಯದ ನಿರ್ಬಂಧವೇನೂ ಇಲ್ಲ. ಅದನ್ನು ಕೈಚೀಲದಲ್ಲಿಯೇ ಒಯ್ಯಿರಿ, ಏಕೆಂದರೆ ಸಾಮಾನಿನ ಕೋಣೆಯ ಚಳಿಗೆ ಹೆಪ್ಪುಗಟ್ಟಿದ ಇನ್ಸುಲಿನ್ ಮತ್ತೆ ಕರಗಿದರೂ ಉಪಯೋಗಕ್ಕೆ ಬರುವುದಿಲ್ಲ. ಸೂಜಿ, ಪೆನ್ನು, ಗ್ಲುಕೋಮೀಟರ್ ಇರುವುದನ್ನು ವೈದ್ಯರ ಪತ್ರದಲ್ಲಿ ಬರೆಸಿಕೊಂಡು ತಪಾಸಣೆಯವರಿಗೆ ತಾವೇ ಮೊದಲು ಹೇಳಿ. ದ್ರವಗಳ 100 ಮಿಲಿಲೀಟರ್ ಮಿತಿಯಿಂದ ಅಗತ್ಯ ಔಷಧಗಳಿಗೆ ವಿನಾಯಿತಿಯಿದೆ.

ತಾವು ಕೇಳದಿದ್ದರೂ ಹೇಳಬೇಕಾದದ್ದು ಪ್ರೀಗ್ಯಾಬಲಿನ್ ಬಗ್ಗೆ. 2019ರ ಏಪ್ರಿಲ್‌ನಿಂದ ಅದು ಬ್ರಿಟನ್ನಿನಲ್ಲಿ ನಿಯಂತ್ರಿತ ಔಷಧ. ಮೂರು ತಿಂಗಳಿಗಿಂತ ಕಡಿಮೆ ಪ್ರಮಾಣಕ್ಕೆ ಪ್ರತ್ಯೇಕ ಪರವಾನಗಿ ಬೇಡ, ವೈದ್ಯರ ಪತ್ರ ಜೊತೆಗಿದ್ದರೆ ಸಾಕು. ಆದರೆ ದಾರಿಯಲ್ಲಿ ಸಿಗುವ ದುಬೈಯಲ್ಲಿಯೂ ಅದು ನಿಯಂತ್ರಿತವೇ. ವಿಮಾನ ಬದಲಿಸುವ ಎರಡು ತಾಸೂ ತಾವು ಆ ದೇಶದ ನೆಲದ ಮೇಲೆಯೇ ಇರುತ್ತೀರಿ. ವಿಮಾನ ತಪ್ಪಿಹೋಗಿ ರಾತ್ರಿ ಹೋಟೆಲಿನಲ್ಲಿ ತಂಗಬೇಕಾಗಿ ಬಂದರೆ ವಲಸೆ, ಸುಂಕದ ತಪಾಸಣೆ ದಾಟಿಯೇ ಹೊರಗೆ ಹೋಗಬೇಕು. ಆದ್ದರಿಂದ ದುಬೈಯ ಅನುಮತಿಯನ್ನೂ ಮೊದಲೇ ವಿಚಾರಿಸಿ, ಇಲ್ಲವೇ ಟಿಕೆಟ್ ಇನ್ನೂ ಕಾಯ್ದಿರಿಸಿಲ್ಲವಾದರೆ ಬೆಂಗಳೂರಿನಿಂದ ಲಂಡನ್ನಿಗೆ ನೇರ ವಿಮಾನ ನೋಡಿ. ವಿಯೆನ್ನಾದಲ್ಲಿರುವ ಅಂತರರಾಷ್ಟ್ರೀಯ ಮಾದಕದ್ರವ್ಯ ನಿಯಂತ್ರಣ ಮಂಡಳಿಯ ಜಾಲತಾಣದಲ್ಲಿ ಪ್ರಯಾಣಿಕರಿಗೆಂದೇ ದೇಶವಾರು ನಿಯಮಗಳನ್ನು ಕೊಟ್ಟಿದ್ದಾರೆ, ಅಲ್ಲಿಂದ ಹುಡುಕಾಟ ಆರಂಭಿಸಬಹುದು. ಭಾರತಕ್ಕೂ ಲಂಡನ್ನಿಗೂ ಬೇಸಿಗೆಯಲ್ಲಿ ನಾಲ್ಕೂವರೆ ಗಂಟೆ, ಚಳಿಗಾಲದಲ್ಲಿ ಐದೂವರೆ ಗಂಟೆ ವ್ಯತ್ಯಾಸವಿರುವುದರಿಂದ ಹೊರಡುವ ದಿನ ಯಾವ ಹೊತ್ತಿಗೆ ಎಷ್ಟು ಯೂನಿಟ್ ಚುಚ್ಚಿಕೊಳ್ಳಬೇಕೆಂಬುದನ್ನು ತಮ್ಮ ಮಧುಮೇಹ ವೈದ್ಯರಿಂದ ಅದೇ ಪತ್ರದ ಹಿಂಬದಿಯಲ್ಲಿ ಬರೆಸಿಕೊಳ್ಳಿ.